‘ಗಂಡಸಿಗೇನು ಕೆಲಸ?’ ಅಂತಾರೆ ಅವ್ವ

ಪ್ರಶ್ನೆ: ನಮ್ಮದು ಕಲಬುರಗಿ ಕಡೆಯ ಹಳ್ಳಿ. ಮುಂಬಯಿಯ ವಡಾಳಾದಲ್ಲಿ ಮನೆ, ಭಿವಂಡಿ ಗೋದಾಮಿನಲ್ಲಿ ನನಗೆ ರಾತ್ರಿ ಪಾಳಿ. ಹೆಂಡತಿಗೆ ಚೊಚ್ಚಲು, 31 ವಾರ. ಹೋದ ತಪಾಸಣೆಯಲ್ಲಿ ಬಿಪಿ 138/92, ಹಿಮೋಗ್ಲೋಬಿನ್ 9.2. ಕುಬಸ ಮಾಡಿ ರಾತ್ರಿ ರೈಲಿಗೆ ತವರಿಗೆ ಕಳಿಸು, ಇದರಲ್ಲಿ ಗಂಡಸಿಗೇನು ಕೆಲಸ ಅಂತಾರೆ ಅವ್ವ. ನನಗೆ ಹೆದರಿಕೆ. ಅವ್ವನ ಮಾತು ಮೀರುವುದು ಹೇಗೆ?

ಉತ್ತರ: ಹೆದರಿಕೆ ಸರಿಯಾದದ್ದೇ. ಮೇಲಿನ ಅಂಕಿ 140 ಮುಟ್ಟಿಲ್ಲವೆಂದು ಸಮಾಧಾನ ಬೇಡ. ಬಸುರಿಗೆ ಕೆಳಗಿನದು 90 ಮುಟ್ಟಿದರೂ ಅದು ಏರಿದ ಬಿಪಿಯೇ. ಮುಂದಿನ ತಾರೀಖಿಗೆ ಕಾಯದೆ ನಾಳೆಯೇ ಮತ್ತೆ ಅಳೆಸಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ನೋಡಿಸಿ. ನೀವೇ ಜೊತೆಗಿರಿ. ಹೆಂಡತಿಗೆ ಮರಾಠಿ ಬಾರದಿದ್ದರೆ, ನರ್ಸ್ ‘ಡೋಕಂ ದುಖ್ತಂಯ್ ಕಾ?’ ಎಂದಾಗ ಅರ್ಥವಾಗದೆ ಸುಮ್ಮನೆ ತಲೆಯಾಡಿಸಿ ಬರುತ್ತಾರೆ. ತಲೆನೋವಿನ ಮಾತು ಕಾರ್ಡಿಗೆ ಏರುವುದೇ ಇಲ್ಲ.

ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರ ತನ್ನಿ. ಐದು ನಿಮಿಷ ಒರಗಿ ಕೂತು, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟಕ್ಕಿಟ್ಟು, ಮಾತಾಡದೆ ಅಳೆಯಬೇಕು. ರವಿಕೆ ತೋಳಿನ ಮೇಲೆ ಪಟ್ಟಿ ಕಟ್ಟಿದರೆ ಅಂಕಿ ತಪ್ಪುತ್ತದೆ. ಬೆಳಿಗ್ಗೆ, ಸಂಜೆ ಬರೆದಿಡಿ. ಮೇಲಿನದು 140 ಇಲ್ಲವೇ ಕೆಳಗಿನದು 90 ಮುಟ್ಟಿದರೆ ಅಂದೇ ಡಾಕ್ಟರು. ಮೇಲಿನದು 160 ಇಲ್ಲವೇ ಕೆಳಗಿನದು 110 ಮುಟ್ಟಿದರೆ, ಅಥವಾ ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಕಂಡರೆ ತಕ್ಷಣ ಆಸ್ಪತ್ರೆ. ಏರಿದ ಬಿಪಿಯಿಂದ ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನ್ ಮಾಡಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಬಿಡುವುದು ಬೇಡವೇ ಬೇಡ.

9.2 ಅಂದರೆ ರಕ್ತ ಕಡಿಮೆ. ಹೆರಿಗೆಯಲ್ಲಿ ಅರ್ಧ ಲೀಟರ್ ಹೋದರೂ ಅವರ ಮೈ ತಾಳುವುದು ಕಷ್ಟ. ಐರನ್ ಗುಳಿಗೆ ಎಷ್ಟೆಂದು ಡಾಕ್ಟರೇ ಹೇಳಲಿ. ಚಹಾದ ಜೊತೆ, ಕ್ಯಾಲ್ಸಿಯಂ ಗುಳಿಗೆಯ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಎರಡು ತಾಸು ಅಂತರವಿರಲಿ. ಮಲ ಕಪ್ಪಾಯಿತೆಂದು ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ. ಅದು ಐರನ್ನಿನ ಬಣ್ಣ, ಅಷ್ಟೇ.

ಇನ್ನು ತವರು. ಈ ಬಿಪಿ ಹೊತ್ತು ರಾತ್ರಿ ರೈಲು ಹತ್ತಿಸುವುದು ನಮಗೆ ಒಪ್ಪಿಗೆಯಿಲ್ಲ. ಎರಡು ನಿಲ್ದಾಣಗಳ ನಡುವೆ ಫಿಟ್ಸ್ ಬಂದರೆ ಯಾರನ್ನು ಕರೆಯುತ್ತೀರಿ? ಕುಬಸ ಇಲ್ಲೇ ಆಗಲಿ, ಅತ್ತೆಯವರನ್ನು ಇಲ್ಲಿಗೆ ಕರೆಸಿ. ಡಾಕ್ಟರು ಒಪ್ಪಿ ಕಳಿಸಿದರೂ ಜೊತೆಗೆ ನೀವೇ ಹೋಗಿ; ಕಾರ್ಡು, ಸ್ಕ್ಯಾನ್ ವರದಿ ಒಯ್ದು, ಆಪರೇಷನ್ನೂ ರಕ್ತವೂ ಸಿಗುವ ಆಸ್ಪತ್ರೆಯಲ್ಲಿ ಮುಟ್ಟಿದ ವಾರವೇ ಹೆಸರು ಬರೆಸಿ. ನೋವು ಬಂದ ಮೇಲೆ ಅಲ್ಲಿ ಹೊಸಬರಾಗಿ ನಿಲ್ಲಬಾರದು.

ಗೋದಾಮಿನೊಳಗೆ ಮೊಬೈಲ್ ಬಿಡುವುದಿಲ್ಲವೇ? ಸೂಪರ್‌ವೈಸರ್ ನಂಬರನ್ನು ಪಕ್ಕದ ಮನೆಯವರಿಗೆ ಕೊಡಿ. ‘ನನ್ನನ್ನು ಕಾಯಬೇಡಿ, ಮೊದಲು ಗಾಡಿ ಹತ್ತಿಸಿ’ ಎಂದು ಈಗಲೇ ಹೇಳಿಡಿ. ಗಂಡ ಬರಲಿ ಎಂದು ಕಾದು ಕಳೆದ ತಾಸು ಮತ್ತೆ ಸಿಗುವುದಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲ ಉಚಿತ, ದುಡ್ಡಿಗೆಂದೂ ತಡೆಯಬೇಡಿ.

ಹೆರಿಗೆಯಾದೊಡನೆ ಪೇಢೆ ಹಂಚಲು ಓಡಬೇಡಿ. ಮೊದಲ 24 ತಾಸು ರಕ್ತಸ್ರಾವದ ಗಂಡಾಂತರ ಹೆಚ್ಚು. ಒಂದೇ ತಾಸಿನಲ್ಲಿ ಪ್ಯಾಡ್ ಪೂರ್ತಿ ನೆನೆದರೆ, ಕಣ್ಣು ಕತ್ತಲಿಟ್ಟರೆ ನರ್ಸನ್ನು ಕೂಗಿ ಕರೆಯಬೇಕು. ಬಿಪಿ ಹೆರಿಗೆಯ ನಂತರವೂ ಏರಬಹುದು, ಯಂತ್ರ ಕಟ್ಟಿಡಬೇಡಿ.

ಅವ್ವನೊಡನೆ ಜಗಳ ಬೇಕಿಲ್ಲ. ಹಲವರು ಒಟ್ಟಿಗಿರುವ ಹೆರಿಗೆ ಕೋಣೆಗೆ ಸಾಮಾನ್ಯವಾಗಿ ಹೆಂಗಸರನ್ನೇ ಬಿಡುತ್ತಾರೆ. ‘ಒಳಗ ನೀ ಇರು ಅವ್ವ, ನಿನ್ನಂಗ ನನಗ ಆಗೂದಿಲ್ಲ. ಗಾಡಿ, ರಕ್ತ, ಕಾಗದ ನಾ ನೋಡಕೋತೀನಿ’ ಅನ್ನಿ. ನಾಳೆಯ ತಪಾಸಣೆಗೂ ಅವರನ್ನು ಕರೆದೊಯ್ಯಿರಿ. 92ರ ಅರ್ಥ ಡಾಕ್ಟರ ಬಾಯಿಂದಲೇ ಕೇಳಲಿ.