ಮನಸ್ಸು ಬದಲಾದಂತೆಲ್ಲ ಮಿಕ್ಸ್ ತಿದ್ದಬೇಡಿ, ಮುಗಿಸಿಬಿಡಿ

‘ತಿಂಗಳಿಗೊಮ್ಮೆ ಕೂತು ನನ್ನ ಇಂಡೀ ಮಿಕ್ಸ್ ಚೊಕ್ಕ ಮಾಡ್ತೀನಿ. ಈಗಿನ ಮನಸ್ಸಿಗೆ ಹೊಂದದ ಹಾಡು ತೆಗೀತೀನಿ, ಹೊಸದು ಸೇರಿಸ್ತೀನಿ. ಇನ್ನೂರು ಹಾಡು ದಾಟಿದೆ, ಆದ್ರೂ ಅದು ನನ್ನ ಥರ ಕೇಳಿಸ್ತಿಲ್ಲ’ ಅಂತ ಬರೆದಿದ್ದೀರಿ. ದೊಡ್ಡ ಕಂಪನಿಗಳ ಹಂಗಿಲ್ಲದೆ ಕಲಾವಿದರು ಹೊರತರುವ ಸಂಗೀತ ಇಂಡೀ, ನಮಗೆ ಬೇಕಾದ ಹಾಡು ಆರಿಸಿ ಜೋಡಿಸಿದ ಪಟ್ಟಿ ಮಿಕ್ಸ್. ಆಮೇಲೆ, ಇದನ್ನು ಮೂಡ್ ಪ್ರಕಾರ ಒಡೆಯಲಾ ಇಲ್ಲಾ ಒಂದೇ ಪಟ್ಟಿಯಾಗಿ ಇಟ್ಟುಕೊಳ್ಳಲಾ, ನಾಚಿಕೆ ಆಗುವ ಹಾಡುಗಳನ್ನು ಮೊದಲು ತೆಗೆಯಲಾ ಅಂತ ಕೇಳಿದ್ದೀರಿ. ಒಂದು ಹಾಡನ್ನೂ ತೆಗೆಯಬೇಡಿ. ಈ ಉತ್ತರ ಓದಿ ಮುಗಿಯುವವರೆಗಾದರೂ ಆ ಪಟ್ಟಿಗೆ ಕೈ ಹಾಕಬೇಡಿ.

ನನ್ನದೂ ಹೀಗೇ ಶುರುವಾಗಿದ್ದು. ಅಪ್ಪನಿಗೆ ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದ ಕಾಲ. ರಾತ್ರಿ ಹೊತ್ತು ನಾನು, ತಂಗಿ ಇಬ್ಬರೂ ಕಾರಿಡಾರ್‌ನ ಬೆಂಚಿನ ಮೇಲೆ ಕೂತಿರುತ್ತಿದ್ದೆವು. ಮಾತಾಡೋಕೆ ಏನೂ ಇರುತ್ತಿರಲಿಲ್ಲ, ಮಲಗೋಕೂ ಆಗುತ್ತಿರಲಿಲ್ಲ. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಆಗ ಕೇಳುತ್ತಿದ್ದದ್ದೆಲ್ಲ ಯಾರೋ ತಮ್ಮ ಕೋಣೆಯಲ್ಲಿ ಕೂತು ಒಂದು ಗಿಟಾರ್, ಒಂದು ಮೈಕ್ ಇಟ್ಟುಕೊಂಡು ರೆಕಾರ್ಡ್ ಮಾಡಿ ಹಾಕಿದ ಹಾಡುಗಳು. ದೊಡ್ಡ ವಾದ್ಯಮೇಳ, ನುಣುಪಾದ ದನಿ ಇವೆಲ್ಲ ಆ ಹೊತ್ತಿಗೆ ಸಹಿಸಲಾಗುತ್ತಿರಲಿಲ್ಲ. ಅದರಲ್ಲಿ ಒಂದು ಹಾಡಿತ್ತು. ಹಾಡೋಕೆ ಮುಂಚೆ ಕುರ್ಚಿ ಕಿರ್ ಅನ್ನುತ್ತದೆ, ಹಾಡುವವರು ಕಾಗದ ಸರಿಸುತ್ತಾರೆ, ಒಮ್ಮೆ ಉಸಿರು ಎಳೆದುಕೊಳ್ಳುತ್ತಾರೆ, ಆಮೇಲೆ ಮೊದಲ ಸಾಲು. ಆ ಕುರ್ಚಿಯ ಸದ್ದು ಬಂದಾಗೆಲ್ಲ ತಂಗಿ ‘ಬಂದ್ರು’ ಅನ್ನುತ್ತಿದ್ದಳು, ಯಾರೋ ನಮ್ಮ ಪಕ್ಕ ಬಂದು ಕೂತರು ಅನ್ನೋ ಹಾಗೆ. ಹಾಡು ಮುಗಿದ ಮೇಲೆ ಮತ್ತೆ ಹಾಕು ಅನ್ನುತ್ತಿದ್ದಳು.

ಆ ರಾತ್ರಿಗಳಲ್ಲಿ ಕಟ್ಟಿದ ಪಟ್ಟಿಗೆ ನನ್ನ ಹೆಸರನ್ನೇ ಇಟ್ಟಿದ್ದೆ. ಅಪ್ಪ ತೀರಿಹೋದರು. ಸ್ವಲ್ಪ ಕಾಲ ಅದನ್ನೇ ಕೇಳಿದೆ. ಆಮೇಲೆ ಕೇಳಲಾಗದೆ ಒಂದು ಹಾಡು ತೆಗೆದೆ. ಹೊಸ ಕೆಲಸ ಸಿಕ್ಕಿತು, ಹೊಸ ಗೆಳೆಯರು ಸಿಕ್ಕರು, ಅವರಿಗೆ ನನ್ನ ಮಿಕ್ಸ್‌ನ ಲಿಂಕ್ ಕಳಿಸುವ ಅಭ್ಯಾಸ ಆಯಿತು. ಒಬ್ಬರು ‘ಚೆನ್ನಾಗಿದೆ, ಆದ್ರೆ ತುಂಬ ಭಾರ ಅಲ್ವಾ’ ಅಂದರು. ಅವತ್ತು ಒಂದಷ್ಟು ತೆಗೆದೆ. ಪ್ರೀತಿಯಲ್ಲಿ ಬಿದ್ದಾಗ ಇನ್ನೊಂದಷ್ಟು. ಪ್ರತಿ ಸಲವೂ ‘ಇದು ಈಗಿನ ನಾನಲ್ಲ’ ಅನ್ನಿಸುತ್ತಿತ್ತು, ಅದು ನಿಜವೂ ಆಗಿತ್ತು. ಅದಕ್ಕೇ ಎಲ್ಲೂ ಕೈ ತಡೆಯಲಿಲ್ಲ.

ಎಷ್ಟೋ ವರ್ಷ ಆದ ಮೇಲೆ ತಂಗಿ ಫೋನ್ ಮಾಡಿ, ‘ಅಕ್ಕಾ, ಆಸ್ಪತ್ರೆಲಿ ಕೇಳ್ತಿದ್ವಲ್ಲ, ಆ ಕುರ್ಚಿ ಹಾಡು ಕಳ್ಸು’ ಅಂದಳು. ಒಂದು ನಿಮಿಷ ಅಂತ ಹೇಳಿ ಪಟ್ಟಿ ತೆರೆದೆ. ಅದೇ ಹೆಸರು, ಅದೇ ಮುಖಚಿತ್ರ. ಒಳಗೆ ಆ ಕಾಲದ ಒಂದು ಹಾಡೂ ಇರಲಿಲ್ಲ.

ಇಲ್ಲಿ ಏನು ತಪ್ಪಾಯಿತು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವು ಈಗ ಮಾಡುತ್ತಿರುವುದೂ ಅದನ್ನೇ. ಹಾಡು ತೆಗೆದದ್ದು ಅರ್ಧ ತಪ್ಪು ಮಾತ್ರ. ಹೊಸ ಮನಸ್ಸಿಗೆ ಹೊಸ ಪಟ್ಟಿ ಮಾಡದೆ ಹಳೆಯದರಲ್ಲೇ ತೆಗೆದು ಹಾಕಿ ಮಾಡಿದ್ದು ಇನ್ನರ್ಧ. ಹೆಸರು ಒಂದೇ ಇದ್ದದ್ದರಿಂದ ಒಳಗಿರುವುದೂ ಅದೇ ಅಂದುಕೊಂಡೆ. ಪ್ಲೇಲಿಸ್ಟ್‌ನಲ್ಲಿ ಇರುವ ಹಾಡಿನ ಪಕ್ಕ ಅದನ್ನು ಸೇರಿಸಿದ ದಿನಾಂಕ ಕಾಣುತ್ತದೆ. ತೆಗೆದ ಹಾಡಿನ ಜಾಗದಲ್ಲಿ ಖಾಲಿ ಸಾಲೂ ಉಳಿಯುವುದಿಲ್ಲ, ಕೆಳಗಿನದು ಮೇಲೆ ಬಂದು ಕೂರುತ್ತದೆ. ಹೀಗಾಗಿ ಏನು ಹೋಯಿತು ಅನ್ನುವುದಿರಲಿ, ಏನೋ ಹೋಗಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಇವೆಲ್ಲಕ್ಕಿಂತ ಕೆಳಗೆ ಇನ್ನೊಂದಿತ್ತು: ಮಿಕ್ಸ್ ಅಂದರೆ ಈ ಹೊತ್ತಿನ ನನ್ನನ್ನು ತೋರಿಸಬೇಕು ಅಂತ ನಂಬಿದ್ದೆ. ಇವತ್ತು ನನಗೆ ಏನನ್ನಿಸುತ್ತಿದೆ ಅಂತ ತಿಳಿಯಲು ನನಗೆ ಪಟ್ಟಿ ಬೇಕಾಗಿಲ್ಲ, ನಾನು ಅದರೊಳಗೇ ಇದ್ದೇನೆ. ಪಟ್ಟಿ ಬೇಕಾಗುವುದು ಆ ಅನ್ನಿಸಿಕೆ ಹೋದ ಮೇಲೆ. ಅಷ್ಟು ಹೊತ್ತಿಗೆ ನಾನು ಅದನ್ನು ಅಳಿಸಿಯಾಗಿತ್ತು.

ಹುಡುಕಲಿಲ್ಲ ಅಂದುಕೊಳ್ಳಬೇಡಿ. ಹಾಡು ಗುರುತಿಸುವ ಆ್ಯಪ್‌ಗಳು ಎದುರಿಗೆ ನುಡಿಯುತ್ತಿರುವ ಸದ್ದನ್ನು ತಮ್ಮ ಸಂಗ್ರಹದ ಜೊತೆ ಹೋಲಿಸುತ್ತವೆ, ನನ್ನ ಹತ್ತಿರ ಹಾಕೋಕೆ ಸದ್ದೇ ಇರಲಿಲ್ಲ. ಗುನುಗಿದೆ, ಹೆಸರುವಾಸಿ ಹಾಡುಗಳಷ್ಟೇ ಬಂದವು. ನನಗೆ ನೆನಪಿದ್ದ ಎರಡು ಪದ ತಂಗಿಗೆ ನೆನಪಿದ್ದ ಎರಡು ಪದಕ್ಕೆ ಹೊಂದಲಿಲ್ಲ. ಇಂಡೀ ಕೇಳುವವರು ಮುಖ್ಯವಾಗಿ ಅರ್ಥ ಮಾಡಿಕೊಳ್ಳಬೇಕಾದದ್ದು ಇದೇ. ದೊಡ್ಡ ಕಂಪನಿಯ ಹಾಡು ಒಂದು ಕಡೆ ಹೋದರೆ ಇನ್ನೊಂದು ಕಡೆ ಸಿಗುತ್ತದೆ. ಒಬ್ಬರೇ ಬರೆದು, ಒಬ್ಬರೇ ಹಾಡಿ, ಒಬ್ಬರೇ ಹಾಕಿದ ಹಾಡು ಅವರು ತಮ್ಮ ಪುಟ ಮುಚ್ಚಿದ ದಿನವೇ ಹೋಗಿಬಿಡುತ್ತದೆ. ಅದನ್ನು ಕಾಪಾಡಿಕೊಳ್ಳುವವರು ಯಾರಾದರೂ ಇದ್ದರೆ ಅದು ನಾವು, ಕೇಳಿದವರು.

ಅದಕ್ಕೇ ಹೇಳುವುದು, ಮಿಕ್ಸ್ ಅನ್ನು ಮುಗಿಸಿ. ‘ಅಪ್‌ಡೇಟ್ ಮಾಡುವುದು ಹೇಗೆ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಿಂದಿನವರಿಗೆ ಈ ತೊಂದರೆ ಇರಲಿಲ್ಲ, ಅವರ ಸಾಮಾನೇ ಅವರನ್ನು ತಡೆಯುತ್ತಿತ್ತು. ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ ಅನ್ನೇ ನೋಡಿ. ಸಿ-60 ಅಂದರೆ ಒಂದು ಬದಿಗೆ 30 ನಿಮಿಷ, ಸಿ-90 ಅಂದರೆ 45 ನಿಮಿಷ. ನಿಮ್ಮ ದುಃಖ ಎಷ್ಟೇ ದೊಡ್ಡದಿರಲಿ, ಅಷ್ಟರೊಳಗೆ ಹೇಳಿ ಮುಗಿಸಬೇಕು. ಒಂದು ಹಾಡು ಮಧ್ಯದಲ್ಲಿ ಬೇಡ ಅನ್ನಿಸಿದರೆ ಅದೊಂದನ್ನೇ ಕಿತ್ತು ಹಾಕುವಂತಿಲ್ಲ, ಅಷ್ಟೇ ಉದ್ದದ ಇನ್ನೊಂದು ಬೇಕು. ಕ್ಯಾಸೆಟ್‌ನ ಬೆನ್ನಿನ ಅಂಚಿನಲ್ಲಿ ಬದಿಗೊಂದರಂತೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತವೆ, ಅದನ್ನು ಮುರಿದುಬಿಟ್ಟರೆ ಆಮೇಲೆ ರೆಕಾರ್ಡ್ ಬಟನ್ ಕೆಳಗಿಳಿಯುವುದೇ ಇಲ್ಲ. ಮಾಡಿದವರು ‘ಇಲ್ಲಿಗೆ ಮುಗಿಯಿತು’ ಅಂತ ಕೈಯಾರೆ ಹೇಳುವ ಕ್ಷಣ ಅದು. ಆಮೇಲೆ ಬಂದ ಸಿಡಿಗೂ 80 ನಿಮಿಷದ ಗೆರೆ ಇತ್ತು. ಈಗ ಹಾಡು ಕೇಳಿಸುವ ಸ್ಪಾಟಿಫೈ ಆ್ಯಪ್ ಒಂದು ಪಟ್ಟಿಯಲ್ಲಿ 10,000 ಹಾಡು ಹಿಡಿಸುತ್ತದೆ. ಅಷ್ಟು ಜಾಗ ಇದ್ದಾಗ ಮುಗಿಸು ಅಂತ ಹೇಳುವವರು ಯಾರೂ ಇಲ್ಲ, ನಾವೇ ಹೇಳಿಕೊಳ್ಳಬೇಕು.

ಇಂಡೀ ಸಂಗೀತ ಬೆಳೆದದ್ದರಲ್ಲಿ ಹೀಗೆ ಮುಗಿಸಿಟ್ಟ ಮಿಕ್ಸ್‌ಗಳ ಪಾಲೂ ಇದೆ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಅಮೆರಿಕದ ಬ್ರೂಸ್ ಪ್ಯಾವಿಟ್ 1980ರ ಸುಮಾರಿಗೆ ಸಣ್ಣ ಬ್ಯಾಂಡ್‌ಗಳ ಬಗ್ಗೆ ‘ಸಬ್‌ಟೆರೇನಿಯನ್ ಪಾಪ್’ ಅನ್ನುವ ಕಿರುಪತ್ರಿಕೆ ತರುತ್ತಿದ್ದರು. ಮುಂದೆ ಕೆಲವು ಸಂಚಿಕೆಗಳು ಕಾಗದದ ಬದಲು ಕ್ಯಾಸೆಟ್ ಆಗಿಯೇ ಬಂದವು, ಅದೇ ಬೆಳೆದು ಹಾಡುಗಳನ್ನು ಹೊರತರುವ ‘ಸಬ್ ಪಾಪ್’ ಕಂಪನಿ ಆಯಿತು. ಬ್ರಿಟನ್ನಿನ ಎನ್‌ಎಂಇ ಅನ್ನುವ ಸಂಗೀತ ಪತ್ರಿಕೆ 1986ರಲ್ಲಿ 22 ಬ್ಯಾಂಡ್‌ಗಳ ಹಾಡು ಸೇರಿಸಿ ‘ಸಿ86’ ಅಂತ ಒಂದು ಕ್ಯಾಸೆಟ್ ತಂದಿತು. ಆಮೇಲೆ ಆ ಬಗೆಯ ಗಿಟಾರ್ ಸಂಗೀತಕ್ಕೇ ಸಿ86 ಅಂತ ಹೆಸರು ಬಿತ್ತು. ಅದರಲ್ಲಿ ಕಚ್ಚಾ ಹಾಡೂ ಇವೆ, ಒಂದಕ್ಕೊಂದು ಹೊಂದದ ಹಾಡೂ ಇವೆ. ಮುಂದಿನ ವರ್ಷ ಕೂತು ಅವನ್ನೆಲ್ಲ ತೆಗೆದು ಹಾಕಿದ್ದರೆ ಆ ಕಾಲದ ದನಿ ಹೇಗಿತ್ತು ಅಂತ ಇವತ್ತು ಹೇಳೋಕಾಗುತ್ತಿರಲಿಲ್ಲ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಕ್ಯಾಸೆಟ್ ಇಲ್ಲದಿದ್ದರೂ 45 ನಿಮಿಷದ ಗೆರೆ ಹಾಕಿಕೊಂಡಿದ್ದೇನೆ, ಹನ್ನೊಂದೋ ಹನ್ನೆರಡೋ ಹಾಡು ಹಿಡಿಯುತ್ತದೆ. ಬ್ಯಾಂಡ್‌ಕ್ಯಾಂಪ್ ಥರದ ಕಡೆ ಕಲಾವಿದರಿಗೆ ದುಡ್ಡು ಕೊಟ್ಟು ಹಾಡು ಕೊಳ್ಳುತ್ತೇನೆ, ಸದ್ದಿನ ಗುಣ ಕುಗ್ಗಿಸದ ಫ್ಲ್ಯಾಕ್ ಫೈಲ್ ಇಳಿಸಿಕೊಂಡು ಎರಡು ಕಡೆ ಇಡುತ್ತೇನೆ. ಕೊಳ್ಳಲು ಸಿಗದ ಹಾಡಾದರೆ ಹೆಸರು, ಹಾಡಿದವರು, ಎಲ್ಲಿ ಕೇಳಿದ್ದು ಇಷ್ಟನ್ನಾದರೂ ಬರೆದಿಡುತ್ತೇನೆ. ಬೇಕಾದ ಹಾಡುಗಳನ್ನು ಆಡಾಸಿಟಿ ಅನ್ನುವ ಸದ್ದು ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಒಂದರ ಹಿಂದೆ ಒಂದು ಜೋಡಿಸಿ ಒಂದೇ ಫೈಲ್ ಮಾಡುತ್ತೇನೆ. ಒಂದೇ ಫೈಲ್ ಯಾಕೆ ಅಂದರೆ, ಅದರಿಂದ ಒಂದು ಹಾಡನ್ನು ಆರಾಮಾಗಿ ಎಳೆದು ಹೊರಗೆ ಹಾಕಲಾಗುವುದಿಲ್ಲ. ಮುರಿದ ಪ್ಲಾಸ್ಟಿಕ್ ಚೂರಿನ ಕೆಲಸ ಅದು ಮಾಡುತ್ತದೆ.

ಕ್ರಾಸ್‌ಫೇಡ್ ಮಾತ್ರ ದಯವಿಟ್ಟು ಆಫ್ ಮಾಡಿ. ಒಂದು ಹಾಡಿನ ಕೊನೆಯನ್ನು ಇನ್ನೊಂದರ ಶುರುವಿನ ಮೇಲೆ ಹಾಯಿಸುವ ಆ ಸೆಟ್ಟಿಂಗ್ ಕೆಲವು ಆ್ಯಪ್‌ಗಳಲ್ಲಿ 12 ಸೆಕೆಂಡ್‌ವರೆಗೂ ಹೋಗುತ್ತದೆ. ಕುಣಿಯುವ ಹಾಡಿಗೆ ಸರಿ. ಮನೆಯಲ್ಲಿ ರೆಕಾರ್ಡ್ ಮಾಡಿದ ಹಾಡಿಗೆ ಅದು ವಿಷ. ಅಂಥ ಹಾಡಿನ ಜೀವ ಇರುವುದೇ ಆ ಅಂಚಿನಲ್ಲಿ: ಟೇಪಿನ ಸುಯ್ ಸದ್ದು, ಕೋಣೆಯ ಗಾಳಿ, ಬೆರಳು ತಂತಿ ಬಿಟ್ಟ ಸದ್ದು, ಕೊನೆಯಲ್ಲಿ ಯಾರೋ ಎದ್ದು ರೆಕಾರ್ಡರ್ ಆರಿಸಿದ್ದು. ನಮ್ಮ ಕುರ್ಚಿ ಹಾಡು ಕ್ರಾಸ್‌ಫೇಡ್‌ಗೆ ಸಿಕ್ಕಿದ್ದರೆ ಆ ಕಿರ್ ಸದ್ದು ಹಿಂದಿನ ಹಾಡಿನ ಕೆಳಗೆ ಹೂತುಹೋಗುತ್ತಿತ್ತು, ತಂಗಿಗೆ ನೆನಪಿಡಲು ಅದೂ ಇರುತ್ತಿರಲಿಲ್ಲ.

ವಾಲ್ಯೂಮ್ ಬಗ್ಗೆ ಒಂದು ಮಾತು. ಇಂಡೀ ಹಾಡುಗಳು ಒಬ್ಬೊಬ್ಬರ ಕೋಣೆಯಿಂದ ಬರುವುದರಿಂದ ಒಂದು ಪಿಸುಗುಟ್ಟುತ್ತದೆ, ಇನ್ನೊಂದು ಕಿವಿಗೆ ಹೊಡೆಯುತ್ತದೆ. ಸ್ಟ್ರೀಮಿಂಗ್ ಆ್ಯಪ್‌ಗಳು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ನೋಡುತ್ತವೆ, ಸದ್ದಿನ ಜೋರು ಅಳೆಯುವ ಎಲ್‌ಯುಎಫ್‌ಎಸ್ ಅನ್ನುವ ಮಾನದಲ್ಲಿ ಸ್ಪಾಟಿಫೈನ ಸಾಮಾನ್ಯ ಗುರಿ ಮೈನಸ್ 14. ನೀವೇ ಫೈಲ್ ಮಾಡುವಾಗ ಅದನ್ನು ಯಂತ್ರಕ್ಕೆ ಬಿಡಬೇಡಿ. ಮೆಲ್ಲಗಿನ ಹಾಡನ್ನು ಎಳೆದು ದೊಡ್ಡದು ಮಾಡಿದರೆ ಅದರ ಹಿಂದಿನ ಗೊರಗೊರವೂ ದೊಡ್ಡದಾಗುತ್ತದೆ. ಜೋರಿನ ಹಾಡನ್ನೇ ಕೆಲವು ಡೆಸಿಬಲ್ ಇಳಿಸಿ. ರಾತ್ರಿ ಹೊತ್ತು ಕಣ್ಣು ಮುಚ್ಚಿ ಇಡೀ ಮಿಕ್ಸ್ ಕೇಳಿ, ಒಂದು ಸಲವೂ ಕೈ ವಾಲ್ಯೂಮ್ ಕಡೆ ಹೋಗದಿದ್ದರೆ ಸರಿಯಾಗಿದೆ ಅಂತ ಅರ್ಥ.

ಫೈಲಿನ ಜೊತೆ ಒಂದು ಚಿಕ್ಕ ಬರಹ ಇಡುತ್ತೇನೆ: ಶುರು ಮಾಡಿದ ದಿನ, ಮುಗಿಸಿದ ದಿನ, ಹಾಡು, ಹಾಡಿದವರು, ಆ ಹಾಡು ಎಲ್ಲಿ ಕೂತು ಕೇಳಿದ್ದು ಅನ್ನುವ ಒಂದು ಸಾಲು. ಏನನ್ನಿಸಿತು ಅಂತ ಬರೆಯುವುದಿಲ್ಲ. ಬರೆದ ಭಾವನೆ ವರ್ಷ ಕಳೆದ ಮೇಲೆ ಪೇಲವವಾಗಿ ಕಾಣುತ್ತದೆ. ‘ಬಸ್ಸಿನ ಕೊನೆ ಸೀಟು, ಮಳೆ, ಫೋನ್ ಎತ್ತಲಿಲ್ಲ’ ಅಂತ ಬರೆದಿಟ್ಟರೆ ಮಿಕ್ಕದ್ದನ್ನು ಹಾಡೇ ತಂದುಕೊಡುತ್ತದೆ.

ಮೂಡ್ ಪ್ರಕಾರ ಒಡೆಯುವುದಂತೂ ಬೇಡವೇ ಬೇಡ. ದುಃಖಕ್ಕೊಂದು, ಖುಷಿಗೊಂದು, ಸಿಟ್ಟಿಗೊಂದು ಅಂತ ಪಟ್ಟಿ ಮಾಡುವುದು ಆ್ಯಪ್‌ಗಳ ಕೆಲಸ, ಅವಕ್ಕೆ ನಿಮ್ಮ ಬದುಕು ಗೊತ್ತಿಲ್ಲ. ಅಪ್ಪ ಒಳಗೆ ಮಲಗಿದ್ದಾಗ ನಾನೂ ತಂಗಿಯೂ ಒಂದು ಹಾಡಿಗೆ ಬಾಯಿ ಮುಚ್ಚಿಕೊಂಡು ನಕ್ಕಿದ್ದೆವು, ನರ್ಸ್ ಬಂದು ನೋಡಿದ್ದರು. ಆ ಹಾಡನ್ನು ‘ಖುಷಿ’ ಅನ್ನುವ ಪಟ್ಟಿಗೆ ಹಾಕಿದರೆ ಅದು ಸುಳ್ಳಾಗುತ್ತದೆ. ಕಾಲದ ಪ್ರಕಾರ ಒಡೆಯಿರಿ. ಆ ಮಳೆಗಾಲ, ಆ ಕೆಲಸ, ಆ ಮನೆ, ಆ ಗೆಳೆತನ. ಅದರೊಳಗೆ ಏನೇನಿತ್ತೋ ಅದೆಲ್ಲ ಒಟ್ಟಿಗೇ ಇರಲಿ.

ನಿಮ್ಮ ಇನ್ನೂರು ಹಾಡನ್ನು ಸೇರಿಸಿದ ದಿನಾಂಕದ ಕ್ರಮದಲ್ಲಿ ಹಾಕಿಕೊಂಡು ಮೇಲಿಂದ ಕೆಳಗೆ ನೋಡಿ. ಎಲ್ಲಿ ಮನಸ್ಸು ತಿರುಗಿದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ, ಅಲ್ಲಿ ಕತ್ತರಿಸಿ. ತೆಗೆದುಹಾಕಿದ ಹಾಡು ಯಾವುದಾದರೂ ನೆನಪಿದ್ದರೆ ಈಗಲೇ ಬರೆದಿಟ್ಟುಕೊಳ್ಳಿ, ಹಳೆಯ ಚಾಟ್‌ಗಳಲ್ಲಿ ಕಳಿಸಿದ ಲಿಂಕ್‌ಗಳನ್ನು ಹುಡುಕಿ. ಯಾರ ಜೊತೆ ಕೇಳಿದಿರೋ ಅವರನ್ನು ಕೇಳಿ, ಅವರ ಹತ್ತಿರ ಇರಬಹುದು.

ಕೊನೆಗೆ ನೀವು ಹೇಳಿದ ಆ ಒಂದು ಹಾಡು. ಗೆಳತಿ ಮಾತು ಬಿಟ್ಟಾಗ ದಿನಗಟ್ಟಲೆ ಕೇಳಿದ್ದು, ಸಾಹಿತ್ಯ ತೀರ ಬಾಲಿಶ, ಯಾರಾದರೂ ನೋಡಿದರೆ ಮಾನ ಹೋಗುತ್ತದೆ ಅಂದಿರಲ್ಲ. ಬೇರೆ ಯಾರಿಗೂ ಕಳಿಸದ ಮಿಕ್ಸ್‌ನಲ್ಲಿ ಯಾರು ನೋಡುತ್ತಾರೆ? ಲಿಂಕ್ ಹಂಚಿಕೊಳ್ಳಲು ಬೇರೆ ಪಟ್ಟಿ ಮಾಡಿಕೊಳ್ಳಿ, ಅದನ್ನು ಎಷ್ಟು ಬೇಕಾದರೂ ತಿದ್ದಿ. ಇದರಲ್ಲಿ ಮಾತ್ರ ಆ ಹಾಡನ್ನು ಮೂರನೆಯದೋ ನಾಲ್ಕನೆಯದೋ ಆಗಿ ಇಡಿ. ಶುರುವಿಗೆ ಇಟ್ಟರೆ ಕೇಳುವ ಮೊದಲೇ ಮುಜುಗರ ಆಗಿ ನಿಲ್ಲಿಸುತ್ತೀರಿ, ಕೊನೆಗೆ ಇಟ್ಟರೆ ಅದು ಇಡೀ ಕಾಲದ ತೀರ್ಪಿನ ಹಾಗೆ ಕೇಳಿಸುತ್ತದೆ. ಫೈಲ್ ಮಾಡಿ, ದಿನಾಂಕ ಹಾಕಿ, ಮುಂದಿನ ಹಾಡು ಇಷ್ಟವಾದ ದಿನ ಹೊಸ ಫೋಲ್ಡರ್ ತೆರೆಯಿರಿ.