ಚಿತ್ರ ನೋಡಿ ಕಥೆ ಹೇಳುವುದು ಓದಿನ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕೂವರೆ ವರ್ಷ. ಅ ಆ ಇ ಈ ಎಂದು ಬಾಯಿಪಾಠ ಒಪ್ಪಿಸುತ್ತಾಳೆ; ನಡುವಿನ ಒಂದಕ್ಷರವನ್ನು ತೋರಿಸಿ ಕೇಳಿದರೆ ಗುರುತಿಸುವುದಿಲ್ಲ. ಚಿತ್ರಪುಸ್ತಕ ಕೊಟ್ಟರೆ ನಾವು ಹಿಂದೆ ಓದಿ ಹೇಳಿದ್ದನ್ನೇ ತನ್ನ ಮಾತಿನಲ್ಲಿ ಹೇಳುತ್ತಾ ಹಾಳೆ ತಿರುವುತ್ತಾಳೆ. ಶಾಲೆಯಲ್ಲಿ ಕತ್ತರಿಸಿ ಅಂಟಿಸುವ ಕೆಲಸವೇ ಹೆಚ್ಚು. ಆ ಹೊತ್ತಿನಲ್ಲಿ ಅಕ್ಷರ ತಿದ್ದಿಸಬಾರದೇ ಎಂದು ಅವಳ ಅಜ್ಜ ಕೇಳುತ್ತಾರೆ.
— ಓರ್ವ ತಾಯಿ, ಅರಸೀಕೆರೆ

ಉತ್ತರ: ನಿಮ್ಮ ಮಗಳು ಓದಿನ ಹಾದಿಯಲ್ಲೇ ಇದ್ದಾಳೆ. ಪುಸ್ತಕವನ್ನು ಎಲ್ಲಿಂದ ತೆರೆಯಬೇಕು, ಕಥೆ ಯಾವ ಕ್ರಮದಲ್ಲಿ ಸಾಗುತ್ತದೆ, ಹಾಳೆಯ ಮೇಲಿರುವುದಕ್ಕೂ ಬಾಯಿಂದ ಬರುವ ಮಾತಿಗೂ ನಂಟಿದೆ ಎಂಬುದು ಅವಳಿಗೆ ತಿಳಿದಿದೆ. ‘ಅಲ್ಲಿ ಹಾಗೆ ಬರೆದಿಲ್ಲ’ ಎಂದು ತಡೆಯಬೇಡಿ. ನೀವು ಓದುವಾಗ ಸಾಲಿನ ಕೆಳಗೆ ಬೆರಳಾಡಿಸಿದರೆ ಸಾಕು.

ವರ್ಣಮಾಲೆಯ ಬಾಯಿಪಾಠ ಹಾಡಿನ ಹಾಗೆ ಕ್ರಮದ ಬಲದಿಂದ ಸಾಗುವುದರಿಂದ, ಬಿಡಿ ಅಕ್ಷರದ ಎದುರು ಮಗು ತಡವರಿಸುವುದು ಸಹಜ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ರ, ಗ, ಸ, ದ, ಅ ಎಂದು ಆರಂಭವಾಗುವುದು ಸುಮ್ಮನೆ ಅಲ್ಲ: ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಹುಟ್ಟುತ್ತವೆ, ಪ್ರತಿಯೊಂದಕ್ಕೂ ಚಿತ್ರ ಬಿಡಿಸಬಹುದು. ಹಳೆಯ ಲಗ್ನಪತ್ರಿಕೆಗಳಿಂದ ಈ ಅಕ್ಷರಗಳನ್ನು ದೊಡ್ಡದಾಗಿ ಕತ್ತರಿಸಿ, ಕಾಗದದ ಸುರುಳಿಗಳನ್ನು ದಾರಕ್ಕೆ ಪೋಣಿಸಿ ಸರ ಮಾಡಿಸಿ, ಪಕ್ಕದಲ್ಲಿ ‘ಸ’ ಮತ್ತು ‘ರ’ವನ್ನು ಅವಳಿಂದಲೇ ಜೋಡಿಸಿಸಿ. ಜೇಡಿಮಣ್ಣನ್ನು ಹೊಸೆದು ‘ರ’ ಮಾಡಿ, ಅದರ ಒಡಲಿಗೆ ಒಂದು ಚುಕ್ಕೆ ಇಟ್ಟರೆ ‘ಠ’ ಆಗುತ್ತದೆ. ಅಕ್ಷರಗಳ ನಡುವಿನ ಇಂಥ ಸಣ್ಣ ವ್ಯತ್ಯಾಸವನ್ನು ಕಣ್ಣಿಗಿಂತ ಮೊದಲು ಬೆರಳು ಹಿಡಿಯುವುದೂ ಉಂಟು.

ಅಜ್ಜನವರ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಶಿಕ್ಷಕಿ ಕೊಟ್ಟ ಒಂದೇ ಅಚ್ಚಿನ ಕುರಿಗೆ ತರಗತಿಯ ಮಕ್ಕಳೆಲ್ಲ ಹತ್ತಿ ಅಂಟಿಸುವುದರಿಂದ (ಉಳಿದದ್ದನ್ನು ರಾತ್ರಿ ಕೂತು ಮುಗಿಸುವವರು ತಾಯಂದಿರು ಎಂಬುದು ಬೇರೆ ಮಾತು) ಅಕ್ಷರಜ್ಞಾನಕ್ಕೆ ಹೆಚ್ಚಿನ ಲಾಭವಿಲ್ಲ. ಆದರೆ ಕಾಗದ ಹರಿಯುವ, ಕತ್ತರಿ ಹಿಡಿಯುವ ಬೆರಳುಗಳೇ ನಾಳೆ ಪೆನ್ಸಿಲನ್ನೂ ಹಿಡಿಯಬೇಕಾದ್ದರಿಂದ, ಕೆಲಸವನ್ನು ಬಿಡಿಸುವ ಬದಲು ಅದಕ್ಕೆ ಮಾತನ್ನೂ ಬರಹವನ್ನೂ ಸೇರಿಸುವುದು ಮೇಲು.

ಎಲ್ಲಕ್ಕಿಂತ ಫಲ ಕೊಡುವುದು ಅವಳದೇ ಪುಸ್ತಕ. ಎರಡು ಹಾಳೆಗಳನ್ನು ಮಡಚಿ ನಡುವೆ ಸೂಜಿದಾರದಿಂದ ಹೊಲಿದರೆ 8 ಪುಟಗಳಾಗುತ್ತವೆ. ಚಿತ್ರ ಅವಳು ಬಿಡಿಸಲಿ, ಅವಳು ಹೇಳಿದ ಒಂದು ವಾಕ್ಯವನ್ನು ನೀವು ಅಡಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ‘ಬೆಕ್ಕು ಓಡೋಯ್ತು’ ಎಂದರೆ ಹಾಗೆಯೇ ಬರೆಯಿರಿ, ‘ಓಡಿಹೋಯಿತು’ ಎಂದು ತಿದ್ದಬೇಡಿ. ತನ್ನ ಮಾತೇ ಅಕ್ಷರವಾಗಿ ನಿಂತದ್ದನ್ನು ಮಗು ಮತ್ತೆ ಮತ್ತೆ ಓದಲು ಬಯಸುತ್ತದೆ.

ಪುಸ್ತಕಗಳ ಖರ್ಚು ಹೆಚ್ಚೆನಿಸಿದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಸದ್ಯಕ್ಕೆ ಮೊದಲನೇ ಹಂತದವನ್ನೇ ಆರಿಸಿ, ಸಾಧ್ಯವಾದರೆ ಮುದ್ರಿಸಿಕೊಳ್ಳಿ. ಅಕ್ಷರ ತಿದ್ದಿಸುವುದನ್ನು ಒಂದನೇ ತರಗತಿಯವರೆಗೆ ಅವಸರಿಸಬೇಕಿಲ್ಲ.