ಮುಂದಿನ ಆಕ್ಸಲ್ ಬದಲಿಸ್ತೀರಾ? ಮೊದಲು ಸ್ಟೀರಿಂಗ್ ನೋಡಿ

ಪ್ರಶ್ನೆ: ನನ್ನದು ಹಳೇ ಟೊಯೋಟಾ ಫೋರ್ ಬೈ ಫೋರ್ ಪಿಕಪ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸಲಾಕೆ) ಇರುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದೆ, ಅಂದರೆ ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಹೋಗುತ್ತದೆ. ಅದನ್ನು ಕಿತ್ತು, ಎರಡೂ ಚಕ್ರವನ್ನು ಒಂದೇ ಗಟ್ಟಿ ಅಚ್ಚಿಗೆ ಸೇರಿಸುವ ಸಾಲಿಡ್ ಆಕ್ಸಲ್ ಹಾಕಿಸಬೇಕು ಅಂತಿದ್ದೇನೆ, ಟೈರ್ 35 ಇಂಚು. ರಜಾ ದಿನ ಬಂಡೆ ಹತ್ತಿಸಬೇಕು, ಉಳಿದ ದಿನ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಬೇಕು. ಒಬ್ಬರು ಉಕ್ಕಿನ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್ ಸಾಕು ಅಂತಾರೆ, ಇನ್ನೊಬ್ಬರು ಆಕ್ಸಲನ್ನು ಚಾಸಿಸ್‌ಗೆ ಮೂರು ರಾಡಿನಿಂದ (ಲಿಂಕ್) ಹಿಡಿಸುವ ತ್ರೀ ಲಿಂಕ್ ಅಂತಾರೆ, ಮತ್ತೊಬ್ಬರು ನಾಲ್ಕು ರಾಡಿನ ಫೋರ್ ಲಿಂಕ್ ಬಿಟ್ಟು ಬೇರೆ ಮಾತೇ ಆಡೋದಿಲ್ಲ. ಯಾವುದು ಹಾಕಿಸಲಿ?

ಉತ್ತರ: ಲೀಫ್ ಸ್ಪ್ರಿಂಗ್ ಹಾಕಿಸಿ. ನೀವು ಹೇಳಿದ ಬಳಕೆಗೆ ಅದೇ ಸರಿ.

ಯಾಕೆ ಅಂದರೆ, ಈ ಕೆಲಸದಲ್ಲಿ ಎಲ್ಲರೂ ಸ್ಪ್ರಿಂಗ್‌ನಿಂದ ಶುರು ಮಾಡ್ತಾರೆ, ಆದರೆ ಮೊದಲು ತೀರ್ಮಾನ ಆಗಬೇಕಾದ್ದು ಸ್ಟೀರಿಂಗ್. ನಿಮ್ಮ ಸ್ಟೀರಿಂಗ್ ಬಾಕ್ಸ್ ಚಾಸಿಸ್ ಮೇಲೆ ಕೂತಿರುತ್ತದೆ, ಚಕ್ರ ಆಕ್ಸಲ್ ಜೊತೆ ಮೇಲೆ ಕೆಳಗೆ ಹೋಗುತ್ತದೆ, ಎರಡನ್ನೂ ಸೇರಿಸುವುದು ಡ್ರ್ಯಾಗ್ ಲಿಂಕ್ ಅನ್ನೋ ಒಂದೇ ರಾಡು. ಆಕ್ಸಲ್ ಓಡಾಡುವ ದಾರಿ ಮತ್ತು ಆ ರಾಡಿನ ತುದಿ ತಿರುಗುವ ದಾರಿ ಹೊಂದಿಕೊಳ್ಳದಿದ್ದರೆ, ಗುಂಡಿಗೆ ಬಿದ್ದಾಗೆಲ್ಲ ನೀವು ತಿರುಗಿಸದೇ ಚಕ್ರ ತಾನೇ ತಿರುಗುತ್ತದೆ. ಇದನ್ನೇ ಬಂಪ್ ಸ್ಟೀರ್ ಅನ್ನೋದು. ಬಂಡೆ ಮೇಲೆ ನಿಧಾನವಾಗಿ ಹೋಗುವಾಗ ಇದು ಗೊತ್ತೇ ಆಗಲ್ಲ, ಹೆದ್ದಾರಿಯಲ್ಲಿ ಜೀವಕ್ಕೇ ಅಪಾಯ.

ನಿಮ್ಮ ಸ್ನೇಹಿತರು ಹೇಳುವ ಫೋರ್ ಲಿಂಕ್ ಬಿದ್ದುಹೋಗುವುದು ಇಲ್ಲೇ. ಮೇಲಿನ ಲಿಂಕುಗಳನ್ನು ಓರೆಯಾಗಿ ಕೂರಿಸಿದ ಫೋರ್ ಲಿಂಕ್‌ಗೆ ಆಕ್ಸಲನ್ನು ಅಡ್ಡಡ್ಡ ಓಡದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಬೇಕಿಲ್ಲ, ಆಕ್ಸಲ್ ನೆಟ್ಟಗೆ ಮೇಲೆ ಕೆಳಗೆ ಹೋಗುತ್ತದೆ. ಡ್ರ್ಯಾಗ್ ಲಿಂಕ್ ಮಾತ್ರ ಕಮಾನಿನ ಹಾಗೆ ತಿರುಗುತ್ತದೆ. ಎರಡಕ್ಕೂ ತಾಳೆ ಆಗಲ್ಲ. ಅದಕ್ಕೇ ಮುಂದೆ ಅಂಥ ಫೋರ್ ಲಿಂಕ್ ಹಾಕಿದವರು ಸಾಮಾನ್ಯವಾಗಿ ರಾಡೇ ಬೇಡ ಅಂತ ಆಯಿಲ್ ಒತ್ತಡದಿಂದಲೇ ಚಕ್ರ ತಿರುಗಿಸುವ ಪೂರ್ತಿ ಹೈಡ್ರಾಲಿಕ್ ಸ್ಟೀರಿಂಗ್‌ಗೆ ಹೋಗ್ತಾರೆ, ಅದು ರಸ್ತೆ ಮೇಲೆ ಓಡಿಸುವ ಗಾಡಿಗಲ್ಲ. ದಿನಾ ಕೆಲಸಕ್ಕೆ ಹೋಗುವ ನಿಮಗೆ ಆ ಮಾತೇ ಬೇಡ.

ತ್ರೀ ಲಿಂಕ್ ಹಾಗಲ್ಲ, ಅದು ನಿಜವಾಗಲೂ ಒಳ್ಳೇ ಸಸ್ಪೆನ್ಷನ್. ಕೆಳಗೆ ಎರಡು ಲಿಂಕ್, ಮೇಲೆ ಒಂದು, ಅಡ್ಡಡ್ಡ ಓಡದಂತೆ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್. ಪ್ಯಾನ್‌ಹಾರ್ಡ್ ಮತ್ತು ಡ್ರ್ಯಾಗ್ ಲಿಂಕ್ ಹೆಚ್ಚುಕಮ್ಮಿ ಒಂದೇ ಉದ್ದ ಇದ್ದು, ಒಂದಕ್ಕೊಂದು ಸಮಾನಾಂತರವಾಗಿ ಕೂತರೆ ಬಂಪ್ ಸ್ಟೀರ್ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳುವ ಬಲ ಪೂರ್ತಿ ಆ ಒಂದೇ ಮೇಲಿನ ಲಿಂಕ್ ಮೇಲೆ ಬೀಳುತ್ತದೆ, ಕೆಳಗಿನ ಲಿಂಕಿಗೂ ಅದಕ್ಕೂ ಅಂತರ ಕಡಿಮೆ ಆದಷ್ಟೂ ಆ ಬಲ ಜಾಸ್ತಿ. ಆಕ್ಸಲ್ ಹತ್ತಿರ ಟೈರ್ ಎತ್ತರದ ಕಾಲು ಭಾಗದಷ್ಟಾದರೂ ಅಂತರ ಇರಲಿ ಅನ್ನೋದು ರೂಢಿ, ನಿಮ್ಮ ಟೈರಿಗೆ ಅದು ಸುಮಾರು 9 ಇಂಚು. ಈಗ ಬಾನೆಟ್ ಎತ್ತಿ ನೋಡಿ. ಎಂಜಿನ್ ಆಯಿಲ್ ಪ್ಯಾನ್, ಸೈಲೆನ್ಸರ್ ಪೈಪ್, ಎಂಜಿನ್ ಮೌಂಟ್ ಎಲ್ಲದರ ನಡುವೆ ಆ ಲಿಂಕ್ ಎಲ್ಲಿ ಹೋಗುತ್ತದೆ, ಆಕ್ಸಲ್ ಪೂರ್ತಿ ಮೇಲೆ ಬಂದಾಗ ಎಲ್ಲಿಗೆ ತಾಗುತ್ತದೆ? ಜಾಗ ಮಾಡಬೇಕು ಅಂತ ಗಾಡಿ ಎತ್ತಿದರೆ ಬಂಡೆ ಮೇಲೆ ವಾಲುತ್ತದೆ. ತೂಕ ಆದಷ್ಟು ಕೆಳಗಿರಲಿ ಅಂತಲ್ವಾ ನಮ್ಮ ಒದ್ದಾಟವೆಲ್ಲ.

ಲೀಫ್ ಸ್ಪ್ರಿಂಗ್ ಭಾರವನ್ನೂ ಹೊರುತ್ತದೆ, ಆಕ್ಸಲನ್ನೂ ಜಾಗದಲ್ಲಿ ಹಿಡಿಯುತ್ತದೆ. ಲಿಂಕ್ ಇಲ್ಲ, ಪ್ಯಾನ್‌ಹಾರ್ಡ್ ಇಲ್ಲ, ಚಾಸಿಸ್‌ಗೆ ವೆಲ್ಡ್ ಆಗುವ ಜಾಗಗಳೂ ಕಡಿಮೆ. ಅಮೆರಿಕದಲ್ಲಿ ಮಾರಿದ ಟೊಯೋಟಾ ಫೋರ್ ಬೈ ಫೋರ್ ಪಿಕಪ್‌ಗಳಿಗೆ 1985ರವರೆಗೆ ಮುಂದೆ ಸಾಲಿಡ್ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗೇ ಇತ್ತು, ಟಾರ್ಷನ್ ಬಾರ್ ಬಂದಿದ್ದು 1986ರ ಮಾಡೆಲ್‌ನಿಂದ.

ಲೀಫ್ ಅಂದ ಮಾತ್ರಕ್ಕೆ ಕುದುರೆ ಸವಾರಿಯ ಹಾಗೆ ಎತ್ತಿ ಹಾಕಲೇಬೇಕು ಅಂತೇನಿಲ್ಲ. ಎತ್ತಿ ಹಾಕೋದು ಗಿಡ್ಡ, ದಪ್ಪ, ಜಾಸ್ತಿ ಬಾಗಿದ ಸ್ಪ್ರಿಂಗ್. ಉದ್ದ ಇರಲಿ, ಹೆಚ್ಚುಕಮ್ಮಿ ಚಪ್ಪಟೆ ಇರಲಿ, ನಾಲ್ಕು ದಪ್ಪ ಪಟ್ಟಿಗಿಂತ ಏಳೆಂಟು ತೆಳು ಪಟ್ಟಿ ಮೇಲು. ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸಿದರೆ ಎತ್ತರಕ್ಕಾಗಿ ಅದನ್ನು ಬಗ್ಗಿಸುವ ಅಗತ್ಯ ಬರಲ್ಲ. ಸ್ಪ್ರಿಂಗ್ ತುದಿಯನ್ನು ಚಾಸಿಸ್‌ಗೆ ಸೇರಿಸುವ ಓಲಾಡುವ ಕೊಂಡಿ, ಅಂದರೆ ಶಾಕಲ್, ಹಿಂದಿನ ತುದಿಗೆ ಹಾಕಿಸಿ, ಗುಂಡಿ ಸಿಕ್ಕಾಗ ಆಕ್ಸಲ್ ಹಿಂದಕ್ಕೆ ಸರಿದು ಏಟು ನುಂಗುತ್ತದೆ. ಆಗ ಟೈರ್ ಕ್ಯಾಬಿನ್ ಕಡೆಗೆ ಬರುತ್ತದಲ್ಲ, ಅದಕ್ಕೇ ಆಕ್ಸಲನ್ನು ಒಂದೆರಡು ಇಂಚು ಮುಂದಕ್ಕೇ ಕೂರಿಸಿಕೊಳ್ಳಿ. ಪ್ರೊಪೆಲ್ಲರ್ ಶಾಫ್ಟ್ ಉದ್ದ ಹೆಚ್ಚುಕಮ್ಮಿ ಆಗಲು ಬಿಡುವ ಸ್ಲಿಪ್ ಜಾಯಿಂಟ್ ಅಷ್ಟು ಓಡಾಟ ತಾಳುತ್ತದಾ ಅಂತಲೂ ನೋಡಿ.

ಕ್ಯಾಸ್ಟರ್ ಕೋನ (ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) 4ರಿಂದ 6 ಡಿಗ್ರಿ ಇಟ್ಟುಕೊಳ್ಳಿ, ಕಡಿಮೆಯಾದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲ್ಲ. ಇದನ್ನು ಆಮೇಲೆ ಸ್ಪ್ರಿಂಗ್ ಕೆಳಗೆ ಬೆಣೆ ಕೊಟ್ಟು ಸರಿ ಮಾಡೋಣ ಅಂತ ಬಿಡಬೇಡಿ. ಆಕ್ಸಲ್ ತಿರುಗಿಸಿ ಕ್ಯಾಸ್ಟರ್ ಹೆಚ್ಚಿಸಿದರೆ ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿ ಕೆಳಗಾಗುತ್ತದೆ, ಶಾಫ್ಟ್ ನಡುಗಲು ಶುರು. ಆಕ್ಸಲ್ ಇನ್ನೂ ಗಾಡಿಗೆ ಕೂರಿಸದೆ ನೆಲದ ಮೇಲಿರುವಾಗಲೇ ಎರಡೂ ಕೋನ ಒಟ್ಟಿಗೆ ಅಳೆದು ಹೊಂದಿಸಿ. ಮತ್ತೆ, ಚಾಸಿಸ್‌ಗೆ ಗ್ರೈಂಡರ್ ಇಡುವ ಮುಂಚೆ ನಿಮ್ಮ ಕಡೆಯ ನೋಂದಣಿ ನಿಯಮ ಇದಕ್ಕೆ ಒಪ್ಪುತ್ತದಾ ಅಂತ ವಿಚಾರಿಸಿ.

ಪ್ರಶ್ನೆ: ಸ್ಪ್ರಿಂಗೇ ಬೇಡ, ಏರ್ ಶಾಕ್ ಹಾಕಿಸಿದರೆ ಹಗುರ, ಜಾಗವೂ ಉಳಿಯುತ್ತದೆ ಅಂತಾರಲ್ಲ?

ಉತ್ತರ: ಹಗುರ ನಿಜ, ಜಾಗ ಉಳಿಯುವುದೂ ನಿಜ. ಆದರೆ ಏರ್ ಶಾಕ್‌ನಲ್ಲಿ ಗಾಡಿಯನ್ನು ಹೊರುವುದು ಒಳಗಿನ ನೈಟ್ರೋಜನ್. ಉಬ್ಬುತಗ್ಗಿನ ರಸ್ತೆಯಲ್ಲಿ ತುಂಬಾ ಹೊತ್ತು ಓಡಿಸಿದರೆ ಅದು ಬಿಸಿಯಾಗಿ ಒತ್ತಡ ಏರುತ್ತದೆ, ಗಾಡಿ ತಾನೇ ಎತ್ತರಕ್ಕೆ ಏಳುತ್ತದೆ, ಸಸ್ಪೆನ್ಷನ್ ಬಿಗಿಯಾಗುತ್ತದೆ. ತಿರುವಿನಲ್ಲಿ ಬಾಡಿ ವಾಲುವುದೂ ಜಾಸ್ತಿ. ಬಂಡೆ ಮೇಲಷ್ಟೇ ಓಡುವ ಹಗುರ ಗಾಡಿಗೆ ಹಾಕಿಸಿ, ಸಾಮಾನು ಹೊರುವ ಪಿಕಪ್‌ಗೆ ಬೇಡ.